ಕಂದು ಬಾಟಲಿಯಲ್ಲಿದ್ದ ಎಣ್ಣೆ

೧೯೮೯ರಲ್ಲಿ ಏಳನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ನನ್ನ ಹೆಂಡತಿ ಲಲಿತೆಯ ಮುಖ ಸುಟ್ಟವನೂ ನಾನೇ — ಪಾರ್ಲರಿನ ಶೀಲಾ ಅಲ್ಲ. ಐದು ವರ್ಷ ನಮ್ಮೂರು ಬೇಲೆಕೇರಿ ಇಡೀ ಶೀಲಾಳನ್ನು ಬೈಯಿತು. ಬೈಯಲು ಕಲಿಸಿದವನು ನಾನು.

ಮರದ ದೋಣಿ ರಿಪೇರಿ ನನ್ನ ಕೆಲಸ. ದೋಣಿಯ ಅಡಿಗೆ ಹತ್ತಿದ ಚಿಪ್ಪು ಕೆರೆದು, ಹಲಗೆಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಕುಡಿಸುತ್ತೇನೆ. ಆ ಎಣ್ಣೆ ಮರವನ್ನು ಕಾಯುತ್ತದೆ, ಚರ್ಮವನ್ನು ಸುಡುತ್ತದೆ. ನಾನು ಮುಟ್ಟಿದ ದೋಣಿ ಸೋರಿದ್ದಿಲ್ಲ. ಅಂಥವನ ಮನೆಯಲ್ಲಿ ಹೆಂಡತಿ ದಿನಾ ಸಂಜೆ ಕನ್ನಡಿ ಮುಂದೆ ನಿಂತು, ಮುಖಕ್ಕೆ ಎಣ್ಣೆಯ ಹನಿ ಬಿಟ್ಟು, ಹಸಿರು ಕಲ್ಲಿನ ಬಿಲ್ಲೆಯನ್ನು ಗಲ್ಲದಿಂದ ಕಿವಿಯವರೆಗೆ ಎಳೆಯುವುದು! ಗುವಾ ಶಾ ಅಂತೆ. ಚೀನಾದ್ದಂತೆ. ಅಂಕೋಲೆಯಲ್ಲಿ ಪಾರ್ಲರ್ ಇಟ್ಟಿದ್ದ ಶೀಲಾ ಕಲಿಸಿದ್ದು, ಎಣ್ಣೆ ಕೊಟ್ಟವಳೂ ಅವಳೇ. ಬಂಗಡೆ ಕೊಯ್ಯುವ ಕೈಗೆ ರಾಣಿಯ ಶೋಕಿ.

“ಏನೇ, ಮುಖಕ್ಕೂ ಚಿಪ್ಪು ಹತ್ತಿದ್ಯಾ? ಬಾ, ನನ್ನ ಉಳಿ ಕೊಡ್ತೆ.”

“ದೋಣಿಗಾದ್ರೆ ಕೈಯಾರೆ ಎಣ್ಣೆ ತಿಕ್ತ್ರಿ. ನನ್ನ ಮುಖಕ್ಕೆ ನಾನೇ ಹಚ್ಕಂಡ್ರೆ ನಿಮ್ಗೆಂತಾ ಸಂಕಟ?”

ಅವಳ ಖಾಲಿ ಬಾಟಲಿಯೊಂದನ್ನು ನಾನು ಎತ್ತಿಕೊಂಡಿದ್ದೆ. ಹನಿ ಬಿಡುವ ರಬ್ಬರಿನ ಬುರುಡೆ ಇತ್ತಲ್ಲ, ಹಲಗೆಯ ಸಂದಿಗೆ ಗೇರೆಣ್ಣೆ ಬಿಡಲು ಅನುಕೂಲ. ಊಟಕ್ಕೆ ಬಂದವನು ಕೈ ತೊಳೆಯುವಾಗ ಅದನ್ನು ಕನ್ನಡಿಯ ಕೆಳಗೆ, ಅವಳ ಹೊಸ ಬಾಟಲಿಯ ಪಕ್ಕದಲ್ಲೇ ಇಟ್ಟು ಮರೆತೆ. ಎರಡೂ ಕಂದು. ಆ ಸಂಜೆ ಕರೆಂಟು ಇರಲಿಲ್ಲ.

ಬೆಳಿಗ್ಗೆ ಅವಳ ಕೆನ್ನೆಯ ತುಂಬ ಗುಳ್ಳೆ, ಕಣ್ಣು ತೆರೆಯಲಾಗದಷ್ಟು ಊತ. ಅಂಥ ಗುಳ್ಳೆ ನನ್ನ ಕೈಮೇಲೇ ಎಷ್ಟೋ ಸಲ ಎದ್ದಿವೆ — ನೋಡಿದೊಡನೆ ತಿಳಿಯಿತು. ಗೇರೆಣ್ಣೆಯ ಬಾಟಲಿ ನನ್ನ ಕಿಸೆ ಸೇರಿತು. ಕಾರವಾರದ ಡಾಕ್ಟರು ಏನು ಹಚ್ಚಿದ್ದೆಂದು ಕೇಳಿದರೆ, “ಪಾರ್ಲರಿನ ಎಣ್ಣೆ” ಎಂದೆ. ಎಣ್ಣೆಯಲ್ಲೇ ಬದುಕಿದ ನಾನು ಎಣ್ಣೆಯಲ್ಲೇ ತಪ್ಪಿದೆ ಎಂದು — ಬೇಡ, ಅದು ನೆಪವಾಗುತ್ತದೆ.

ಮರುದಿನ ಶೀಲಾಳ ಪಾರ್ಲರಿಗೆ ನುಗ್ಗಿ, ಗಿರಾಕಿಗಳೆದುರೇ ಕೂಗಾಡಿದೆ. ಅವಳು ದನಿ ಏರಿಸಲಿಲ್ಲ.

“ಅಣ್ಣಾ, ಆ ಬಾಟ್ಲಿ ತಕಂಡು ಬನ್ನಿ. ನಿಮ್ಮೆದುರಿಗೇ ನನ್ನ ಮುಖಕ್ಕೆ ಹಚ್ಕಂತೆ.”

ಬಾಟಲಿ ನನ್ನ ಕಿಸೆಯಲ್ಲೇ ಇತ್ತು. “ಸಮುದ್ರಕ್ಕೆ ಒಗ್ದೆ,” ಎಂದೆ.

ಆಮೇಲೆ ಆ ಬಾಗಿಲಿಗೆ ಹೆಂಗಸರು ಹೋಗಲಿಲ್ಲ. ಮಳೆಗಾಲಕ್ಕೆ ಮುಂಚೆ ಪಾರ್ಲರ್ ಮುಚ್ಚಿತು. ಲಲಿತೆ ಕಲ್ಲನ್ನು ಟ್ರಂಕಿನಲ್ಲಿಟ್ಟಳು. ಕನ್ನಡಿಗೂ ಬೆನ್ನು ಹಾಕಿದಳು.

ಕಳೆದ ವಾರ ಹಟ್ಟಿಕೇರಿಯಲ್ಲಿ ಬಸ್ಸು ಹತ್ತಿದ ಶೀಲಾ ನನ್ನ ಪಕ್ಕದಲ್ಲೇ ನಿಂತಳು. ಈಗ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆಯುತ್ತಾಳಂತೆ. ಕಂಬಿ ಹಿಡಿದ ಬೆರಳ ತುದಿಗಳೆಲ್ಲ ಕಪ್ಪು. ಆ ಕಪ್ಪು ಯಾವ ಎಣ್ಣೆಯದೆಂದು ನನಗೆ ಯಾರೂ ಹೇಳಬೇಕಿಲ್ಲ.

“ಅಣ್ಣಾ, ಅಕ್ಕನ ಮುಖ ಈಗ ಹೆಂಗದೆ?” ಎಂದಳು.

ಗುವಾ ಶಾ ಮೇಲೆ ಈಗಲೂ ನನಗೆ ನಂಬಿಕೆಯಿಲ್ಲ. ಕಲ್ಲು ಎಳೆದರೆ ವಯಸ್ಸು ಓಡುವುದಿಲ್ಲ. ಆದರೆ ಆ ಕಲ್ಲು ಯಾರನ್ನೂ ಸುಡಲಿಲ್ಲ, ಸುಳ್ಳು ಹೇಳಲಿಲ್ಲ. ಎರಡನ್ನೂ ಮಾಡಿದ್ದು ಏಳನೇ ಇಯತ್ತೆಯ ಈ ದೊಡ್ಡ ಕೆಲಸಗಾರ — ಥೂ.

ಬರೆದಿಟ್ಟ ಇದನ್ನು ಮೊದಲು ಲಲಿತೆಗೆ ಓದಿ ಹೇಳುತ್ತೇನೆ. ಆಮೇಲೆ ಶೀಲಾಳ ಮನೆಗೆ, ಇಷ್ಟು ವರ್ಷ ಬಚ್ಚಿಟ್ಟ ಆ ಬಾಟಲಿ ಹಿಡಿದೇ ಹೋಗುತ್ತೇನೆ.

ಈಗ ನನ್ನಲ್ಲಿರುವುದು ಇಷ್ಟು: ಸ್ವಂತದ ಎರಡು ದೋಣಿ, ಒಂದು ಹೆಂಚಿನ ಮನೆ, ಎಡಗೆನ್ನೆಯಲ್ಲಿ ಕಲೆಯಿರುವ ಒಬ್ಬ ಹೆಂಡತಿ, ಒಂದು ಕಂದು ಬಾಟಲಿ. ಬಾಟಲಿಯಲ್ಲಿ ಅರ್ಧ ಎಣ್ಣೆ.