ನಮ್ಮವರು ಎಂಬ ಕವಿ

ರಾಯಚೂರಿನಲ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದ ಗ್ರಂಥಾಲಯದೊಳಗೆ ಗಾಜಿನ ಬಾಗಿಲಿನ ಒಂದು ಕಪಾಟಿತ್ತು. ಅದರ ತುಂಬ ಪಿಎಚ್‌.ಡಿ. ಪ್ರಬಂಧಗಳು. ಬೀಗದ ಕೈ ನನ್ನ ಹತ್ತಿರ. ನಾನು ಗುಲಾಮ್ ರಸೂಲ್, ಅಲ್ಲಿ ಸಹಾಯಕನಾಗಿದ್ದವನು. ಪ್ರಬಂಧವನ್ನು ಮನೆಗೆ ಒಯ್ಯುವಂತಿಲ್ಲ, ಕಣ್ಣೆದುರೇ ಕೂತು ಕೈಯಿಂದ ಬರೆದುಕೊಳ್ಳಬೇಕು. ಈ ನಿಯಮವನ್ನು ನಾನು ಎಷ್ಟು ಠೀವಿಯಿಂದ ಹೇಳುತ್ತಿದ್ದೆ ಎಂದು ನೆನೆಸಿಕೊಂಡರೆ ಈಗ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಕಪಾಟಿನೊಳಗೆ ಒಂದು ದೊಡ್ಡ ತಪ್ಪು ಆರಾಮಾಗಿ ಕೂತಿತ್ತು. ಅದಕ್ಕೆ ಕಾವಲು ನಾನು.

ಆ ತಪ್ಪು ಬಿದ್ದದ್ದು ಗೋಪಮ್ಮನ ಮೇಲೆ. ಗೋಪಮ್ಮನ ತವರು ಮಾನ್ವಿ, ಗಂಡನ ಮನೆ ದೇವದುರ್ಗ. ಹತ್ತಿ ಬಿಡಿಸಿ, ಕಳೆ ಕಿತ್ತು, ಶಕ್ತಿನಗರದ ಕಟ್ಟಡಗಳಿಗೆ ಜಲ್ಲಿ ಹೊತ್ತು, ಒಬ್ಬನೇ ಮಗ ಮೌನಪ್ಪನನ್ನು ಎಂ.ಎ. ಮಾಡಿಸಿದ ಹೆಂಗಸು. ಗಂಡ ಅಯ್ಯಣ್ಣ ಮೊಹರಂ ಪದ ಕಟ್ಟುತ್ತಿದ್ದ. ಅವನ ಪದ ಶುರುವಾಗದೆ ದೇವದುರ್ಗದಲ್ಲಿ ಬೆಂಕಿಗುಂಡಿಯ ಸುತ್ತ ಕುಣಿಯುವ ಅಲಾಯಿ ಕುಣಿಯವರು ಹೆಜ್ಜೆ ಎತ್ತುತ್ತಿರಲಿಲ್ಲ. ಅಕ್ಷರ ಬಾರದವನು, ಕಟ್ಟಿದ್ದೆಲ್ಲ ಹೆಂಡತಿಗೆ ಬಾಯಿಪಾಠ ಮಾಡಿಸಿ ಎಪ್ಪತ್ನಾಲ್ಕರಲ್ಲಿ ತೀರಿಕೊಂಡ.

ಎರಡು ವರ್ಷ ಬಿಟ್ಟು ಒಬ್ಬ ಸಂಶೋಧಕರು ಟೇಪ್ ರೆಕಾರ್ಡರ್ ಹಿಡಿದು ಅವಳ ಮನೆಗೆ ಬಂದರು. ಗೋಪಮ್ಮ ಕೂಲಿ ಬಿಟ್ಟು ಮೂರು ದಿನ ಕೂತು ನಲವತ್ತೊಂದು ಪದ ಹಾಡಿದಳು. ನಮ್ಮ ಕಡೆ ಪದದ ಕೊನೆಯ ನುಡಿಯಲ್ಲಿ ಕಟ್ಟಿದವನ ಹೆಸರು ಬರುತ್ತದೆ. ಅದೇ ಅವನ ಅಂಕಿತ, ಅವನ ಸಹಿ. ‘ದೇವದುರ್ಗದೂರಾಗ ಅಯ್ಯಣ್ಣ ಕಟ್ಯಾನ’ ಎಂದು ಗಂಡಸರು ಹಾಡುತ್ತಿದ್ದರು. ಗೋಪಮ್ಮ ಅದನ್ನು ‘ದೇವದುರ್ಗದೂರಾಗ ನಮ್ಮವರು ಕಟ್ಯಾರ’ ಎಂದು ಹಾಡಿದಳು. ನಲವತ್ತೊಂದು ಪದಕ್ಕೂ ಹಾಗೇ. ನಮ್ಮ ಸೀಮೆಯಲ್ಲಿ ಯಾವ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಾಳೆ? ಕೂಸಿಗೂ ಗೊತ್ತಿರುವ ಮಾತು. ಆ ಮಹಾನುಭಾವರಿಗೆ ಗೊತ್ತಾಗಲಿಲ್ಲ, ಯಾರನ್ನಾದರೂ ಕೇಳೋಣ ಅನ್ನಿಸಲೂ ಇಲ್ಲ.

ಅವರು ಡಾಕ್ಟರ್ ಆದರು. ಪ್ರಬಂಧದಲ್ಲಿ ಹದಿನಾಲ್ಕು ಪುಟದ ಒಂದು ಅಧ್ಯಾಯವಿದೆ. ‘ನಮ್ಮವರು’ ಎಂಬ ಅಂಕಿತದ ಒಬ್ಬ ಅಜ್ಞಾತ ಕವಿ ಇದ್ದನಂತೆ, ಅವನು ತನ್ನ ಅಹಂಕಾರವನ್ನು ಸಮುದಾಯದಲ್ಲಿ ಕರಗಿಸಿಬಿಟ್ಟಿದ್ದನಂತೆ. ಕರಗಿಸಿದ್ದ, ಇವರ ತಲೆ! ಹಾಡಿದವಳು ‘ಒಬ್ಬ ಅನಕ್ಷರಸ್ಥ ಮಹಿಳೆ’, ಕವಿ ಯಾರೆಂದು ಅವಳಿಗೆ ತಿಳಿಯದು ಎಂದು ಕೆಳಗೆ ಬೇರೆ ಬರೆದಿದ್ದರು. ಎಂಬತ್ತರಲ್ಲಿ ಆ ಪ್ರಬಂಧ ನಮ್ಮಲ್ಲಿಗೆ ಬಂದಾಗ ಸೂಚಿ ಕಾರ್ಡು ಬರೆದವನು ನಾನೇ. ‘ನಮ್ಮವರು, ಮೊಹರಂ ಪದಗಳ ಕವಿ’ ಎಂದು ದುಂಡಗೆ ಬರೆದು ಡ್ರಾಯರಿಗೆ ಹಾಕಿದೆ. ನನ್ನ ತಾಯಿ ಖಾಸಿಂ ಬೀ ಸಾಯುವ ತನಕ ನಮ್ಮಪ್ಪನನ್ನು ‘ಮುನವ್ವರ್ ಕೇ ಅಬ್ಬಾ’ ಎಂದು ಅಕ್ಕನ ಹೆಸರು ಹಿಡಿದೇ ಕರೆದಳು. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ನನಗೂ ಹೊಳೆಯಲಿಲ್ಲವಲ್ಲ, ಆ ಸಿಟ್ಟು ಇನ್ನೂ ಆರಿಲ್ಲ.

ಎಂಬತ್ನಾಲ್ಕರಲ್ಲಿ ಮೌನಪ್ಪ ಬಂದ. ಮಾನ್ವಿಯ ಒಂದು ಶಾಲೆಯಲ್ಲಿ ತಾತ್ಕಾಲಿಕ ಮೇಷ್ಟ್ರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಬಸ್ಸು ಹಿಡಿದು ಬಂದು ಬಾಗಿಲು ಹಾಕುವವರೆಗೆ ಬರೆದುಕೊಳ್ಳುತ್ತಿದ್ದ. ತಂದೆಯ ಪದಗಳ ಮೇಲೆ ಎಂ.ಫಿಲ್. ಮಾಡಬೇಕೆಂಬುದು ಅವನ ಹಟ. ಮೂರನೇ ಶನಿವಾರ ಆ ಹದಿನಾಲ್ಕು ಪುಟ ಅವನ ಕೈಗೆ ಸಿಕ್ಕವು. ಓದುತ್ತ ಓದುತ್ತ ಮೇಜಿಗೆ ಎಂಥ ಗುದ್ದು ಗುದ್ದಿದನೆಂದರೆ ಮಸಿಕುಡಿಕೆ ಉರುಳಿತು. ನಾನು ನಿಯಮದ ಮನುಷ್ಯ, ಗದರಿಸಿದೆ. ಅವನು ಪುಟ ನನ್ನ ಮುಂದೆ ಹಿಡಿದು, ಈ ‘ನಮ್ಮವರು’ ಅಂದರೆ ನಮ್ಮಪ್ಪ, ಹಾಡಿದಾಕಿ ನಮ್ಮವ್ವ ಅಂದ.

ಹಣೆಬರಹ ನೋಡಿ, ಮೌನಪ್ಪನ ಮಾರ್ಗದರ್ಶಕರೂ ಅದೇ ಡಾಕ್ಟರ್ ಸಾಹೇಬರು. ಅವನು ತಪ್ಪು ತೋರಿಸಿದ. ಅವರು ನಕ್ಕುಬಿಟ್ಟರು. ಮೌನಪ್ಪ ತನ್ನ ಅಪ್ಪನ ಸಂಗಡ ಹಾಡುತ್ತಿದ್ದ ದಸ್ತಗೀರ್ ಸಾಬ್ ಎಂಬ ಮುದುಕನನ್ನು ದೇವದುರ್ಗದಿಂದ ಕರೆತಂದು ಅಯ್ಯಣ್ಣನ ಹೆಸರಿನ ಸಮೇತ ಹಾಡಿಸಿದ. ಈಗ ಯಾರು ಬೇಕಾದರೂ ಯಾವ ಹೆಸರನ್ನಾದರೂ ಸೇರಿಸಿ ಹಾಡಬಹುದು, ತಮ್ಮ ಮೂಲ ಹಾಡುಗಾರ್ತಿಯ ಬಾಯಲ್ಲಿ ಆ ಹೆಸರಿಲ್ಲ ಎಂದರು ಸಾಹೇಬರು. ಕವಿಯ ಹೆಸರು ಸಾಬೀತಾಗದಿದ್ದರೆ ವಿಷಯವನ್ನೇ ತಳ್ಳಿಹಾಕುತ್ತೇನೆ ಎಂದೂ ಸೇರಿಸಿದರು. ಮಗನ ಪದವಿ ಹೋಗಲಿ, ಅಪ್ಪ ಹುಟ್ಟಿಯೇ ಇರಲಿಲ್ಲ ಎಂದಂತಾಗುತ್ತಿತ್ತು.

ಕೊನೆಗೆ ಎಂಬತ್ತೈದರ ಬೇಸಿಗೆಯಲ್ಲಿ ಮಗನ ಜೊತೆ ಗೋಪಮ್ಮನೇ ಬಂದಳು. ದೇವದುರ್ಗದ ಬಸ್ಸಿಳಿದು, ಗಬ್ಬೂರು ದಾರಿಯ ಧೂಳೆಲ್ಲ ಸೀರೆಯ ಮೇಲೆ ಹೊತ್ತು, ನನ್ನ ಕೌಂಟರಿನ ಮುಂದೆ ನಿಂತಳು. ಓದುವ ಕೋಣೆಯ ಮೂಲೆಯ ಮೇಜಿನ ಮೇಲೆ ಸಾಹೇಬರು ಟೇಪ್ ಇಟ್ಟು, ಹಾಡಮ್ಮ ಎಂದರು. ಅವಳು ಮೆಲುದನಿಯಲ್ಲಿ ಹಾಡಿದಳು. ಕೊನೆಯ ನುಡಿ ಬಂತು.

‘ದೇವದುರ್ಗದೂರಾಗ ನಮ್ಮವರು ಕಟ್ಯಾರ.’

ಸಾಹೇಬರು ಟೇಪ್ ನಿಲ್ಲಿಸಿ, ಕೇಳಿದೆಯಲ್ಲಪ್ಪಾ ಎಂದು ಮೌನಪ್ಪನ ಕಡೆ ತಿರುಗಿದರು. ಅವನ ಮುಖ ಕಪ್ಪಿಟ್ಟಿತು. ತಾಯಿಗೆ ಹೆಸರು ಹೇಳು ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದನಂತೆ. ನಾಲಿಗೆ ಹೊರಳಬೇಕಲ್ಲ! ಹೆಸರೇ ಯಾಕೆ ಬೇಕೆಂದು ಗೋಪಮ್ಮ ಕೇಳಿದಳು. ನಿನ್ನ ಗಂಡ ಪದ ಕಟ್ಟಿದ ಎಂಬುದಕ್ಕೆ ನೀನು ಹೆಸರು ಹೇಳದೆ ಪುರಾವೆಯಿಲ್ಲ ಎಂದು ನಾನೇ ತಿಳಿಸಿದೆ. ಅವಳು ಸಾಹೇಬರನ್ನು ಮೇಲಿಂದ ಕೆಳಗೆ ನೋಡಿದಳು.

“ಸಾಹೇಬ್ರ, ನಿಮ್ಮ ಮನಿಯಾಕಿನ್ನ ಇಲ್ಲಿಗಿ ಕರೀರಿ. ನಿನ್ನ ಗಂಡ ಯಾರವ್ವಾ ಅಂತ ನಾ ಕೇಳ್ತೀನಿ. ಆಕಿ ನಿಮ್ಮ ಹೆಸರು ಹೇಳ್ತಾಳೇನ್ರಿ? ಆಕೀನೂ ‘ನಮ್ಮವರು’ ಅಂತಾಳ. ಹಂಗಾದ್ರ ಈ ಪದ ಎಲ್ಲಾ ನೀವ ಕಟ್ಟೀರೇನು?”

ಓದುತ್ತಿದ್ದ ಹುಡುಗರು ತಲೆ ಎತ್ತಿದರು. ಯಾರೋ ಕಿಸಕ್ಕನೆ ನಕ್ಕರು. ಸಾಹೇಬರ ಕಿವಿ ಕೆಂಪಾದವು. ಮಾತಿಗೆ ಬೆಲೆಯಿಲ್ಲ, ಟೇಪಿನಲ್ಲಿ ಹೆಸರು ಬಂದರೆ ಮಾತ್ರ ಒಪ್ಪುತ್ತೇನೆ ಎಂದು ಗುಂಡಿ ಒತ್ತಿದರು. ಎಂಥ ಮನುಷ್ಯರಪ್ಪಾ ಇವರು!

ಗೋಪಮ್ಮ ಎದ್ದು ನಿಂತಳು. ಗೋಡೆಯ ಮೇಲೆ ‘ನಿಶ್ಶಬ್ದ’ ಎಂಬ ಬೋರ್ಡು. ಅದರ ಕೆಳಗೆ ನಿಂತು, ಬಯಲಿನಲ್ಲಿ ಅಲಾಯಿ ಕುಣಿಯವರಿಗೆ ಕೇಳಿಸುವ ದನಿಯಲ್ಲಿ ಹಾಡಿದಳು. ‘ದೇವದುರ್ಗದೂರಾಗ ಅಯ್ಯಣ್ಣ ಕಟ್ಯಾನ.’ ಹೆಸರು ಅಷ್ಟೇ ಅಲ್ಲ, ಪದದಲ್ಲಿದ್ದ ಹಾಗೆ ಏಕವಚನ ಬೇರೆ. ಮದುವೆಯಾಗಿ ಬಾಳಿದ ವರ್ಷಗಳಲ್ಲಿ, ಸತ್ತ ಮೇಲಿನ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹೇಳದ ಹೆಸರು. ಹಾಡು ಮುಗಿದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಕಣ್ಣಲ್ಲಿ ನೀರಿರಲಿಲ್ಲ, ಬೆಂಕಿಯಿತ್ತು. “ಬರ್ಕೋರಿ. ಇನ್ನೊಮ್ಮಿ ಹೇಳಂಗಿಲ್ಲ,” ಅಂದಳು.

ನನ್ನ ಕೆಲಸ ಸದ್ದು ಅಡಗಿಸುವುದು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಸಾಹೇಬರು ಮೌನಪ್ಪನ ಎಂ.ಫಿಲ್. ಅರ್ಜಿಗೆ ಸಹಿ ಹಾಕಿ, ಪೆನ್ನಿನ ಮುಚ್ಚಳವನ್ನೂ ಹಾಕದೆ ಹೊರಟುಹೋದರು. ತಮ್ಮ ಪ್ರಬಂಧದ ಒಂದಕ್ಷರವನ್ನೂ ಅವರು ತಿದ್ದಲಿಲ್ಲ. ಆ ಹದಿನಾಲ್ಕು ಪುಟ ಗಾಜಿನ ಹಿಂದೆ ಹಾಗೇ ಉಳಿದವು. ಅದರ ಮೇಲೆ ನನ್ನ ಕೈ ನಡೆಯುವುದಿಲ್ಲ. ಡ್ರಾಯರು ಮಾತ್ರ ನನ್ನದು.

‘ನಮ್ಮವರು’ ಕಾರ್ಡನ್ನು ಹೊರಗೆಳೆದು ಹರಿದೆ. ಹೊಸ ಕಾರ್ಡಿನಲ್ಲಿ ‘ಅಯ್ಯಣ್ಣ, ದೇವದುರ್ಗ’ ಎಂದು ಬರೆದು, ಅದರ ಕೆಳಗೆ ಹಾಡಿದವರು ಎಂದು ಬರೆದು, ಎದುರಿಗೇ ನಿಂತಿದ್ದ ಅವಳನ್ನು ನಿಯಮದ ಪ್ರಕಾರ ಹೆಸರು ಕೇಳಿದೆ.

“ಗೋಪಮ್ಮ,” ಅಂದಳು. “ಇದನ್ನ ಹೇಳಾಕ ನನಗ ಯಾವ ಅಡ್ಡಿನೂ ಇರಲಿಲ್ಲಪ್ಪಾ. ಮೂರು ದಿನ ಹಾಡಿಸ್ಕೊಂಡ ಸಾಹೇಬ್ರು ಕೇಳಲೇ ಇಲ್ಲ.”