ಐದರಲ್ಲೊಂದು ಪಾಲು ನೀರು

ರಾಣೇಬೆನ್ನೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಪ್ರಭುಲಿಂಗಪ್ಪನವರ ಲಾಡ್ಜ್ ಇತ್ತು. ಮೇಲೆ ಹದಿನೆಂಟು ಖೋಲಿ, ಕೆಳಗೆ ತತ್ತಿಯನ್ನೂ ಒಳಗೆ ಬಿಡದ ಸಸ್ಯಾಹಾರಿ ಖಾನಾವಳಿ. ಅಂಥ ಖಾನಾವಳಿಯ ನಡುಗೋಡೆಗೆ 2004ರಲ್ಲಿ ಆರಡಿ ಉದ್ದದ ಗಾಜಿನ ತೊಟ್ಟಿ ಬಂದು ಕೂತಿತು. ಒಳಗೆ ಸಮುದ್ರದ ಆರು ಮೀನು. ಮಗ ಚೇತನಕುಮಾರ ಗೋವಾದಲ್ಲಿ ನೋಡಿ ಬಂದು ಹಟ ಹಿಡಿದು ತರಿಸಿದ್ದು. ತರಿಸಿದವನು ಅವನು, ಸಾಕಿದವಳು ಮಾತ್ರ ಖೋಲಿಗಳ ಕಸ ಹೊಡೆಯುತ್ತಿದ್ದ ಉಡಚವ್ವ.

ಉಡಚವ್ವ ಬ್ಯಾಡಗಿಯವಳು. ಹನ್ನೆರಡು ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸಿ ಎದೆಗೆ ಘಾಟು ಸೇರಿ, ಕೆಮ್ಮು ಬಿಡದಾದಾಗ ಮಗಳು ಅಂಜಲಿಯನ್ನು ಕರಕೊಂಡು ಈ ಊರಿಗೆ ಬಂದಿದ್ದಳು. ತೊಟ್ಟಿ ಕೂಡಿಸಲು ಮಂಗಳೂರಿನಿಂದ ಬಂದಿದ್ದವನು, ಲಕ್ಷ್ಯಗೊಟ್ಟು ಕೇಳುವವಳು ಇವಳೊಬ್ಬಳೇ ಎಂದು ಎಲ್ಲವನ್ನೂ ಇವಳಿಗೇ ಹೇಳಿಕೊಟ್ಟ. ಹದಿನೈದು ದಿನಕ್ಕೊಮ್ಮೆ ಐದರಲ್ಲೊಂದು ಪಾಲು ನೀರು ತೆಗೆಯಬೇಕು. ಹೊಸ ನೀರನ್ನು ಹಿಂದಿನ ದಿನವೇ ಡ್ರಮ್ಮಿನಲ್ಲಿಟ್ಟು, ಬ್ಲೀಚಿಂಗ್ ಪೌಡರಿನ ವಾಸನೆ ಹೋದ ಮೇಲೆ ಸಮುದ್ರದ ಉಪ್ಪು ಕರಗಿಸಿ, ಉಪ್ಪು ಅಳೆಯುವ ಗಾಜಿನ ಕಡ್ಡಿ ತೇಲಿಬಿಟ್ಟು ನೋಡಬೇಕು. ಕಡ್ಡಿಯ ಕೆಂಪು ಗೆರೆ ನೀರಿನ ಮಟ್ಟಕ್ಕೆ ನಿಂತರೆ ಸರಿ, ಮುಳುಗಿದರೆ ಉಪ್ಪು ಕಡಿಮೆ. ಸೆಕೆಗೆ ಆರಿಹೋದಷ್ಟಕ್ಕೆ ಬರೀ ಸಿಹಿನೀರು ಸಾಕು. ಉಪ್ಪು ಒಳಗೇ ಉಳಿದಿರುತ್ತದೆ. ಎರಡು ವರ್ಷ ಈ ಲೆಕ್ಕ ಅವಳು ಒಮ್ಮೆಯೂ ತಪ್ಪಿಸಲಿಲ್ಲ. ಒಂದು ಮೀನೂ ಸಾಯಲಿಲ್ಲ.

2006ರ ಏಪ್ರಿಲ್‌ನಲ್ಲಿ, ಹಾವೇರಿಗೆ ಮದುವೆಯಾಗಿ ಹೋಗಿದ್ದ ಅಂಜಲಿ ಹಡೆದಳು. ಉಡಚವ್ವ ಮೂರು ದಿನ ಅಲ್ಲಿದ್ದು, ನಾಲ್ಕನೆಯ ದಿನ ಬೆಳಿಗ್ಗೆ ಹತ್ತಕ್ಕೆ ಬಸ್ಸಿಳಿದು ಬಂದಳು. ಬಾಗಿಲಲ್ಲೇ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬಡಿಯಿತು. ತೊಟ್ಟಿ ಥಳಥಳ ಹೊಳೆಯುತ್ತಿತ್ತು. ಆರೂ ಮೀನು ಮೇಲಕ್ಕೆ ಬಂದು ಬಾಯಿ ಕಳೆದು ನಿಂತಿದ್ದವು.

"ಯಾರು ಮುಟ್ಟಿದ್ರು ಇದನ್ನ?"

ಅಡುಗೆಯ ಮೈಲಾರಪ್ಪ ಒಳಗಿನಿಂದ ಬಂದ. "ಸಣ್ಣ ಸಾವ್ಕಾರ್ರು ಹೇಳಿದ್ರು ಯಕ್ಕಾ. ಗಾಜಿಗೆ ಹಸರು ಹತ್ತಿತ್ತು. ಇವತ್ತ ಹೆಣ್ಣಿನ ಕಡೆಯವರು ಊಟಕ್ಕ ಬರ್ತಾರ, ಎಲ್ಲಾ ನೀರು ಹೊಸಾದು ಹಾಕು ಅಂದ್ರು. ಎಂಟಕ್ಕ ಹಾಕೇನಿ."

"ಉಪ್ಪು?"

"ಚೀಲದಾಗ ಇದ್ದಷ್ಟೂ ಸುರುವೇನಿ."

ಚೀಲದಲ್ಲಿ ಇದ್ದದ್ದು ತೊಟ್ಟಿಯ ಮೂರರಲ್ಲೊಂದು ಪಾಲು ನೀರಿಗೂ ಸಾಲುವಷ್ಟಿರಲಿಲ್ಲ. ಅವಳು ಕಡ್ಡಿ ಬಿಟ್ಟಳು. ಕೆಂಪು ಗೆರೆ ನೀರಿನೊಳಗೆ ಮುಳುಗಿಹೋಯಿತು. ಕೇಳಲು ಹೆದರಿಕೊಂಡೇ ಕೇಳಿದಳು: "ಹಳೇ ನೀರು?"

"ಗಟಾರಕ್ಕ ಚೆಲ್ಲೇನಿ. ಮೂರು ಡ್ರಮ್ ಇನ್ನೂ ಹಿತ್ತಲದಾಗ ಅದಾವ."

ಉಡಚವ್ವ ಸೆರಗು ಬಿಗಿದು ಬಲೆ ಕೈಗೆ ತೆಗೆದುಕೊಂಡಳು. ಅಷ್ಟರಲ್ಲಿ ಹೊಸ ಅಂಗಿ ತೊಟ್ಟ ಚೇತನಕುಮಾರ ಬಂದ.

"ಏನ ಮಾಡಾಕತ್ತೀದಿ? ಹನ್ನೆರಡಕ್ಕ ಅವ್ರು ಬರ್ತಾರ. ತೊಟ್ಟಿ ಖಾಲಿ ಕಾಣಬಾರದು. ಹೊಸಾ ನೀರಿಗೆ ಹೊಂದಾಕ ಹೊತ್ತು ಬೇಕು, ಬಿಡು."

"ಇವು ಹೊಂದಾಕತ್ತಿಲ್ರಿ ಸಣ್ಣ ಸಾವ್ಕಾರ್ರ. ಸಾಯಾಕತ್ತಾವ."

ಇಷ್ಟು ವರ್ಷದಲ್ಲಿ ಅವನಿಗೆ ಎದುರಾಡಿದ್ದು ಅದೇ ಮೊದಲು. ಅವನ ಮುಖ ಕೆಂಪಾಯಿತು. ಅವಳು ಕಾಯಲಿಲ್ಲ. ತೊಟ್ಟಿಯ ನೀರಿನ ಜೊತೆಗೇ ಮೀನುಗಳನ್ನು ಬಕೀಟಿಗೆ ಇಳಿಸಿ, ಹಿತ್ತಲಿಗೆ ಹೊತ್ತು, ಹಳೆಯ ನೀರನ್ನು ಒಂದೊಂದೇ ತಂಬಿಗೆ ಸುರಿಯತೊಡಗಿದಳು. ಒಮ್ಮೆಲೇ ಸುರಿದರೆ ಅದೂ ಪೆಟ್ಟೇ. ಲಗೂ ಮಾಡಬೇಕು, ಅವಸರ ಮಾಡಬಾರದು. ಹಳದಿ ಮೀನು ಮಗ್ಗುಲಾಗಿ ಮಲಗಿತು. ಕೈಯಲ್ಲಿ ಹಿಡಿದು ನೆಟ್ಟಗೆ ನಿಲ್ಲಿಸಿದಳು. ಬಿಟ್ಟ ಕೂಡಲೇ ಮತ್ತೆ ಮಲಗಿತು. ಆಮೇಲೆ ಅದು ಕಿವಿರು ಅಲುಗಿಸಲಿಲ್ಲ.

ಉಳಿದ ಐದನ್ನು ಮೂರು ಡ್ರಮ್ಮಿಗೆ ಹಂಚಿ, ಗಾಳಿ ಹೊಡೆಯುವ ಪಂಪಿನ ನಳಿಗೆಗಳನ್ನು ಇಳಿಬಿಟ್ಟಳು. ಗುಳ್ಳೆ ಏಳತೊಡಗಿದವು. ಹನ್ನೊಂದೂವರೆಗೆ ಕರೆಂಟ್ ಹೋಯಿತು. ಜನರೇಟರ್ ರಿಪೇರಿಗೆ ಹೋಗಿತ್ತು.

ಉಡಚವ್ವ ತಂಬಿಗೆ ತುಂಬಿ, ತೋಳೆತ್ತಿ, ಮೇಲಿನಿಂದ ನೀರು ಸುರಿದಳು. ಬೀಳುವ ನೀರು ಗಾಳಿಯನ್ನು ಒಳಗೆ ಒಯ್ಯುತ್ತದೆ ಎಂದು ಮಂಗಳೂರಿನವನು ಹೇಳಿದ್ದ. ಒಂದು ಡ್ರಮ್ಮಿಗೆ ಇಪ್ಪತ್ತು ಸಲ, ಮುಂದಿನದಕ್ಕೆ ಇಪ್ಪತ್ತು ಸಲ. ಮೂರನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದರ ಮೀನು ಬಾಯಿ ಕಳೆದು ಮೇಲೆ ಬಂದಿರುತ್ತಿತ್ತು. ನೆತ್ತಿಯ ಮೇಲೆ ಬಿಸಿಲು. ಕೆಮ್ಮು ಒತ್ತರಿಸಿ ಬಂತು, ತೋಳು ಸೋತು ಬಂತು. ಮೈಲಾರಪ್ಪನನ್ನು ಕೂಗಿದಳು, ಅವನು ಬೀಗರ ಅಡುಗೆ ಬಿಟ್ಟು ಬರುವಂತಿರಲಿಲ್ಲ.

ಒಳಗೆ ನೆಂಟರು ಬಂದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ರೇಷ್ಮೆ ಸೀರೆಯ ಹುಡುಗಿಯೊಬ್ಬಳು ಹಿತ್ತಲ ಬಾಗಿಲಲ್ಲಿ ನಿಂತಳು. ಚೇತನಕುಮಾರನಿಗೆ ನೋಡಿದ್ದ ಶ್ವೇತಾ.

"ಮೀನ ಎಲ್ಲೆದಾವ ಅಂದ್ರ ಇವ್ರು ಹೇಳವಲ್ರು. ಏನಾಗೈತಿ ಅಮ್ಮಾರ?"

ಉಡಚವ್ವ ಕೈ ನಿಲ್ಲಿಸದೆ ನಡೆದದ್ದನ್ನು ಹೇಳಿದಳು. ಯಾರ ಹೆಸರೂ ಎತ್ತಲಿಲ್ಲ. ಶ್ವೇತಾ ಬಳೆ ಮೇಲೇರಿಸಿ ಇನ್ನೊಂದು ತಂಬಿಗೆ ಹಿಡಿದಳು. "ನೀವು ದಣದೀರಿ. ಎರಡನೇದು ನನಗ ಬಿಡ್ರಿ."

ಹಿಂದೆಯೇ ಬಂದ ಚೇತನಕುಮಾರ ಡ್ರಮ್ಮುಗಳನ್ನು ನೋಡಿದ. ಆಮೇಲೆ ಅಂಗಿಯ ತೋಳು ಮಡಚಿ ಮೂರನೆಯ ಡ್ರಮ್ಮಿನ ಹತ್ತಿರ ಕುಳಿತ. ಎರಡೂವರೆಗೆ ಕರೆಂಟ್ ಬರುವವರೆಗೂ ಮೂವರೂ ನೀರು ಸುರಿದರು. ಅಷ್ಟರಲ್ಲಿ ಇನ್ನೊಂದು ಮೀನು ಹೋಗಿತ್ತು. ನಾಲ್ಕು ಉಳಿದವು.

ಮಂಗಳೂರಿನಿಂದ ಉಪ್ಪು ಬಸ್ಸಿನಲ್ಲಿ ಬಂದಿತು. ತೊಟ್ಟಿ ಮೊದಲಿನಂತಾಗಲು ಎರಡು ತಿಂಗಳು ಹಿಡಿಯಿತು. ಪ್ರಭುಲಿಂಗಪ್ಪನವರು ಅವಳನ್ನು ಕರೆದು, "ಎಷ್ಟು ದಿನಕ್ಕೊಮ್ಮೆ ನೀರು ಬದಲಿಸಬೇಕಂತ ಒಂದು ಹಾಳ್ಯಾಗ ಬರಸಿ ಗ್ವಾಡಿಗೆ ಹಚ್ಚವಾ," ಎಂದರು.

"ಹಾಳಿ ಓದಿದ್ರ ಬರೂದಿಲ್ರಿ ಸಾವ್ಕಾರ್ರ. ಹಸರು ಕಂಡ್ರ ಗಾಜು ಒರಸಿದ್ರ ಸಾಕು. ಆ ನೀರಿನ್ಯಾಗ, ಕಲ್ಲಿನ್ಯಾಗ ಕಣ್ಣಿಗೆ ಕಾಣದ ಜೀವ ಇರ್ತಾವ, ಮೀನಿನ ಹೊಲಸು ತಿಂತಾವ. ಎಲ್ಲಾ ಒಮ್ಮೆಲೇ ತಗದ್ರ ಅವೂ ಹೋಗ್ತಾವ. ಸಣ್ಣ ಸಾವ್ಕಾರ್ರು ಒಮ್ಮೆ ಕೈಯಾರ ಮಾಡ್ಲಿ. ನಾ ಕಲಸ್ತೇನಿ."

ಪ್ರಭುಲಿಂಗಪ್ಪನವರು ಮಗನ ಕಡೆ ನೋಡಿದರು. ಅವನು ತಲೆಯಾಡಿಸಿದ.

ಮುಂದಿನ ಸರದಿಗೆ ಚೇತನಕುಮಾರ ಪ್ಯಾಂಟ್ ಮೊಣಕಾಲಿಗೇರಿಸಿ ನಿಂತ. ಐದರಲ್ಲೊಂದು ಪಾಲು ನೀರು ತೆಗೆದಾದ ಮೇಲೂ ಅವನು ಮತ್ತೊಂದು ಬಕೀಟಿಗೆ ಕೈ ಹಾಕಿದಾಗ ಉಡಚವ್ವ ತಡೆದಳು.

"ಸಾಕ್ರಿ. ಇವತ್ತಿಗೆ ಅಷ್ಟ."