ಬೀಸುಕಲ್ಲಿಲ್ಲದ ಪದ

ಎಂಬತ್ತರ ದಶಕದ ಮೊದಲಲ್ಲಿ ನಾನು ಬೆಳಗಾವಿಯ ವಡಗಾವಿಯಿಂದ ಸೈಕಲ್ ಹೊಡೆದುಕೊಂಡು ಕ್ಯಾಂಪಿಗೆ ಪಿಯಾನೋ ಕಲಿಯಲು ಹೋಗುತ್ತಿದ್ದೆ. ಮಗ್ಗದ ಓಣಿಯ ಹುಡುಗಿಗೆ ಇದೆಲ್ಲಿಯ ಹುಚ್ಚು ಎಂದು ಜನ ನಗುತ್ತಿದ್ದರು. ಕಲಿಸುತ್ತಿದ್ದ ಟೀಚರ್ ಗೋವಾ ಕಡೆಯವರು. ಅವರಿಗೆ ನಾರ್ವೆಯ ಒಬ್ಬ ಸಂಗೀತಗಾರನೆಂದರೆ ಪ್ರಾಣ. ಒಂದೇ ಶ್ವಾಸಕೋಶದ ಬಲದ ಮೇಲೆ ಬದುಕಿದ ಕುಳ್ಳ ಮನುಷ್ಯ. ನೀರಿನ ದಂಡೆಯ ಪುಟ್ಟ ಗುಡಿಸಲಲ್ಲಿ ಕೂತು ಬರೆಯುತ್ತಿದ್ದನಂತೆ. ತಾನು ಸತ್ತರೆ ತನ್ನ ಕುಣಿತದ ರಾಗಗಳೂ ಮಣ್ಣಾಗುತ್ತವೆ ಎಂದು ಹಳ್ಳಿಯ ಮುದಿ ಪಿಟೀಲುಗಾರನೊಬ್ಬ ಹೇಳಿ ಕಳಿಸಿದಾಗ, ಅವನ್ನು ಬರೆಸಿಕೊಂಡು ಪಿಯಾನೋಗೆ ಹೊಂದಿಸಿದನಂತೆ. ಅವನ್ನು ನುಡಿಸುವಾಗ ನನಗೆ ಖಾನಾಪುರದ ಆಯಿ, ಅಂದರೆ ಅಪ್ಪನ ತಾಯಿ, ನೆನಪಾಗುತ್ತಿದ್ದಳು. ಅವಳ ಬಾಯಲ್ಲಿದ್ದ ಬೀಸುವ ಪದಗಳು ಮನೆಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಇದನ್ನು ಹೇಳಿದ್ದೇ ತಡ, ಟೀಚರ್ ಟೇಪ್ ರೆಕಾರ್ಡರ್ ಹಿಡಿದು ನನ್ನೊಡನೆ ಖಾನಾಪುರದ ಬಸ್ಸು ಹತ್ತಿದರು.

ಅಲ್ಲಿ ನನ್ನ ಕಾಕಾನ ಸಡಗರ ನೋಡಬೇಕಿತ್ತು. ಅಪ್ಪನ ತಮ್ಮ, ಅಂಗಡಿ ಇಟ್ಟು ಮೇಲೆ ಬಂದವನು. ಮುದುಕಿ ಇನ್ನೂ ಬೀಸುವುದನ್ನು ಕಂಡರೆ ಬೆಳಗಾವಿಯವರು ಗಿರಣಿಗೂ ಗತಿಯಿಲ್ಲದ ಮನೆ ಅಂದಾರೆಂದು ಬೀಸುಕಲ್ಲನ್ನು ಕೊಟ್ಟಿಗೆಗೆ ಸಾಗಿಸಿದ್ದ. ಜಮಖಾನ ಹಾಸಿ, ಆಯಿಗೆ ಇಳಕಲ್ ಸೀರೆ ಉಡಿಸಿ ಕುರ್ಚಿಯಲ್ಲಿ ಕೂಡಿಸಿದ್ದ.

ಟೀಚರ್ ಟೇಪ್ ಚಾಲೂ ಮಾಡಿದರು. ಆಯಿ ಎರಡು ಸಾಲು ಹಾಡಿ ನಿಲ್ಲಿಸಿಬಿಟ್ಟಳು. "ಕಲ್ಲ ಇಲ್ದ ಪದ ನೆಪ್ಪಿಗಿ ಬರಂಗಿಲ್ರೀ ಬಾಯಾರ," ಅಂದಳು.

"ಹಂಗಾರ ಕಲ್ಲ ತರಸ್ರಿ," ಎಂದರು ಟೀಚರ್.

"ಅದು ಎಂದೋ ಒಡದ ಹೋತ್ರೀ. ಈಗ ನಮ್ದೆಲ್ಲಾ ಗಿರಣಿ ಹಿಟ್ಟ," ಎಂದುಬಿಟ್ಟ ಕಾಕಾ.

ಆಯಿ ಮಗನ ಮುಖ ನೋಡಿದಳು. ಬಂದವರೆದುರು ಮಗನನ್ನು ಸುಳ್ಳ ಎನಿಸುವ ಜೀವ ಅದಲ್ಲ. "ಖರೇರೀ, ಒಡದೈತಿ," ಎಂದು ತಲೆ ತಗ್ಗಿಸಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಆಯಿ ಕಣ್ಣಿನಲ್ಲೇ ತಡೆದಳು.

ಹಿಂದಿರುಗುವಾಗ ಬಸ್ಸಿನಲ್ಲಿ ನಿಜ ಹೇಳಿದೆ. "ಮುಂದಿನ ಸೂಟಿಯೊಳಗ ನಾವಿಬ್ಬರ ಹೋಗೂಣು," ಎಂದು ಟೀಚರ್ ಸಮಾಧಾನ ಮಾಡಿ, ಟೇಪನ್ನು ನನಗೇ ಕೊಟ್ಟರು. ಆ ರಜೆ ಬರುವ ಮೊದಲೇ ಆಯಿ ತೀರಿಕೊಂಡಳು. ಅವಳೊಡನೆ ಮಣ್ಣಾದ ಪದಗಳನ್ನು ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಒಂದೆರಡು ವರ್ಷದ ಮೇಲೆ ಕಾಕಾ ವಡಗಾವಿಗೆ ಬಂದವನು, "ಅವ್ವನ ದನಿ ಒಮ್ಮೆ ಕೇಳಸವಾ," ಎಂದ. ಟೇಪು ಹಾಕಿದೆ. ಎರಡು ಸಾಲು ಮುಗಿದರೂ ಅವನು ಇನ್ನೂ ಹಾಡು ಬಂದೀತೆಂದು ಕಿವಿಗೊಟ್ಟು ಕೂತೇ ಇದ್ದ. ಆಯಿಯ ಮಾತು, ಟೀಚರ್ ಮಾತು ಆದ ಮೇಲೆ ಬಂದದ್ದು ಅವನದೇ ದನಿ, ಕಲ್ಲು ಒಡೆದು ಹೋಯಿತೆಂದು ಹೇಳುತ್ತಿತ್ತು.

"ಬಂದ್ ಮಾಡವಾ," ಎಂದು ಕಾಕಾ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡ.